ಕೇಳಿ, ಹೇಳ್ತೀವಿ: ಮುಟ್ಟದೆ ಕೋನ ಅಳೆಯುವ ತಾಮ್ರದ ಜಡೆ

ಹೋದ ಸಂಚಿಕೆಯಲ್ಲಿ ಮೋಟಾರುಗಳ ಬಗ್ಗೆ ಬರೆಯುವಾಗ ಕೊನೆಗೆ ಒಂದೇ ಒಂದು ಸಾಲು, ತಿರುಗುವ ಶಾಫ್ಟಿನ ಕೋನವನ್ನು ಮುಟ್ಟದೆ ಅಳೆಯುವ ಇಂಡಕ್ಟಿವ್ ಸೆನ್ಸರ್ ಬಗ್ಗೆ ಸೇರಿಸಿದ್ದೆ. ಆ ಸಾಲಿಗೇ ಜಾಸ್ತಿ ಪತ್ರ ಬಂದಿವೆ! ಹಾಗಾಗಿ ಈ ಸಲ ಉಳಿದ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದನ್ನೇ ಹಿಡಿದು ಕೂತಿದ್ದೇನೆ.

ಪ್ರಶ್ನೆ: ನಮ್ಮದು ಸಣ್ಣ ವರ್ಕ್‌ಶಾಪ್. ಪ್ಯಾಕಿಂಗ್ ಕೆಲಸಕ್ಕೆ ಒಂದು ರೋಬೋ ತೋಳು ಮಾಡುತ್ತಿದ್ದೇವೆ. ಕೀಲಿನ ಒಳಗೆ ಇರುವುದು 40 ಮಿ.ಮೀ. ಜಾಗ, ಅದರ ನಡುವೆ ವೈರು ಹೋಗಲು ತೂತು ಬೇರೆ ಬೇಕು. ಮೊದಲು ಮ್ಯಾಗ್ನೆಟ್ ಇಟ್ಟು, ಅದರ ಕಾಂತಕ್ಷೇತ್ರ ನೋಡಿ ಕೋನ ಹೇಳುವ ಹಾಲ್ ಸೆನ್ಸರ್ ಹಾಕಿದೆವು. ಮೋಟಾರಿಗೆ ಲೋಡ್ ಬಿದ್ದ ಕೂಡಲೇ ಕೋನ ಅಲ್ಲಾಡುತ್ತದೆ. ಬೆಳಕಿನಿಂದ ಕೋನ ಓದುವ ಆಪ್ಟಿಕಲ್ ಎನ್‌ಕೋಡರ್ ಧೂಳಿಗೆ ತಡೆಯಲಿಲ್ಲ. ಇಂಡಕ್ಟಿವ್ ಸೆನ್ಸರನ್ನು ನಾವೇ ಡಿಸೈನ್ ಮಾಡಬಹುದಾ? ಎಲ್ಲಿಂದ ಶುರು ಮಾಡೋದು?
— ವರ್ಕ್‌ಶಾಪ್ ಮಾಲೀಕರು, ಪೀಣ್ಯ

ಉತ್ತರ: ಧಾರಾಳವಾಗಿ ಮಾಡಬಹುದು ಸ್ವಾಮಿ. ಬೇಕಾದ್ದು ಒಂದು ಪ್ರಿಂಟೆಡ್ ಬೋರ್ಡ್, ಅದರ ಎದುರಿಗೆ ತಿರುಗುವ ಫ್ಯಾನಿನ ರೆಕ್ಕೆಯಂಥ ತಾಮ್ರದ ತಗಡು, ಒಂದು ಚಿಪ್. ಅಷ್ಟೇ. ಮ್ಯಾಗ್ನೆಟ್ ಇಲ್ಲ, ಗಾಜಿನ ಡಿಸ್ಕ್ ಇಲ್ಲ, ಉಜ್ಜಿ ಸವೆಯುವುದು ಏನೂ ಇಲ್ಲ. ನಿಮ್ಮ ಹಾಲ್ ಸೆನ್ಸರಿಗೆ ತನ್ನ ಮ್ಯಾಗ್ನೆಟ್ ಯಾವುದು, ಪಕ್ಕದ ಮೋಟಾರಿನದು ಯಾವುದು ಅಂತ ಗೊತ್ತಾಗುವುದಿಲ್ಲ, ಪಾಪ. ಈ ಸೆನ್ಸರಿಗೆ ಆ ತಾಪತ್ರಯ ಇಲ್ಲ. ತಾನೇ ಕಳಿಸಿದ ಫ್ರೀಕ್ವೆನ್ಸಿಯನ್ನು ಮಾತ್ರ ಕೇಳಿಸಿಕೊಳ್ಳುತ್ತದೆ, ಅಲ್ಲಾಡದೆ ನಿಂತ ಕಾಂತಕ್ಷೇತ್ರ ಅದಕ್ಕೆ ಕಾಣುವುದೇ ಇಲ್ಲ.

ಬೋರ್ಡಿನ ಅಂಚಿನಲ್ಲಿ ನಾಲ್ಕೈದು ಸುತ್ತು ಟ್ರ್ಯಾಕ್, ಅಂದರೆ ತಾಮ್ರದ ಗೆರೆ, ಹಾಕಿದರೆ ಅದೇ ಕಳಿಸುವ ಕಾಯಿಲ್. ಅದಕ್ಕೊಂದು ಕೆಪಾಸಿಟರ್ ಜೋಡಿಸಿ 2ರಿಂದ 6 ಮೆಗಾಹರ್ಟ್ಸ್ ನಡುವೆ ಎಲ್ಲೋ ಓಡಿಸುತ್ತಾರೆ. ಕಾಯಿಲ್ 2 ಮೈಕ್ರೋಹೆನ್ರಿ, ಕೆಪಾಸಿಟರ್ 1 ನ್ಯಾನೋಫ್ಯಾರಡ್ ಅಂದುಕೊಳ್ಳಿ, ಸುಮಾರು 3.5 ಮೆಗಾಹರ್ಟ್ಸ್ ಬರುತ್ತದೆ. ಕೆಪಾಸಿಟರ್ ಮಾತ್ರ ಎನ್‌ಪಿಓ ಜಾತಿಯದೇ ಇರಲಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಳಿದರೆ ಸಿಗುತ್ತದೆ, ಮಿಕ್ಕ ಜಾತಿಯವು ಬಿಸಿಯಾದ ಹಾಗೆ ತಮ್ಮ ಕೆಪಾಸಿಟನ್ಸ್ ಬದಲಾಯಿಸುತ್ತವೆ.

ಇನ್ನು ಕೇಳುವ ಕಾಯಿಲ್. ಇಡೀ ಸೆನ್ಸರಿನ ಜೀವ ಇರುವುದು ಇಲ್ಲೇ, ಹಾಗಾಗಿ ಸ್ವಲ್ಪ ಹತ್ತಿರ ಹೋಗಿ ನೋಡೋಣ. ಉಂಗುರದ ಸುತ್ತ ಒಂದು ಟ್ರ್ಯಾಕ್ ಅಲೆಯ ಹಾಗೆ ಒಳಗೆ ಹೊರಗೆ ಬಳುಕುತ್ತಾ ಹೋಗುತ್ತದೆ. ಒಂದು ಸುತ್ತು ಮುಗಿಸಿ ವಾಪಸ್ ಬರುವಾಗ ಅದೇ ಅಲೆಯನ್ನು ತಿರುವುಮುರುವಾಗಿ ಹಾಕುತ್ತಾ ಬರುತ್ತದೆ. ಎರಡೂ ಅಡ್ಡ ಹಾಯುವ ಕಡೆ ಒಂದು ಮೇಲಿನ ಪದರದಲ್ಲಿ, ಇನ್ನೊಂದು ಕೆಳಗಿನ ಪದರದಲ್ಲಿ, ನಡುವೆ ಪದರ ದಾಟಿಸಲು ತಾಮ್ರ ಸವರಿದ ಪುಟ್ಟ ತೂತು, ಅದಕ್ಕೆ ವಯಾ ಅನ್ನುತ್ತಾರೆ. ಬೋರ್ಡನ್ನು ಬೆಳಕಿಗೆ ಹಿಡಿದು ನೋಡಿದರೆ ಎರಡೆಳೆಯ ಜಡೆ ಹೆಣೆದು ಉಂಗುರ ಮಾಡಿದ ಹಾಗೆ ಕಾಣುತ್ತದೆ. ಕಳಿಸುವ ಕಾಯಿಲ್‌ನ ಕ್ಷೇತ್ರದಿಂದ ಜಡೆಯ ಒಂದು ಕಣ್ಣಿನಲ್ಲಿ ಹುಟ್ಟುವ ವೋಲ್ಟೇಜ್ ಪ್ಲಸ್ ಆದರೆ ಪಕ್ಕದ ಕಣ್ಣಿನಲ್ಲಿ ಮೈನಸ್. ಎದುರಿಗೆ ಏನೂ ಇಲ್ಲದಿದ್ದಾಗ ಒಟ್ಟು ಸೊನ್ನೆ. ತಾಮ್ರದ ರೆಕ್ಕೆ ಎದುರಿಗೆ ಬಂದ ಕಡೆ ಕ್ಷೇತ್ರ ಕುಗ್ಗುತ್ತದೆ, ಹಾಗಾಗಿ ಅದು ಪ್ಲಸ್ ಕಣ್ಣುಗಳನ್ನು ಮುಚ್ಚಿದರೆ ಮೈನಸ್ ಗೆಲ್ಲುತ್ತದೆ, ಮೈನಸ್ ಮುಚ್ಚಿದರೆ ಪ್ಲಸ್ ಗೆಲ್ಲುತ್ತದೆ. ರೆಕ್ಕೆ ತಿರುಗಿದ ಹಾಗೆ ಇದು ಏರಿ ಇಳಿದು ಸೈನ್ ಅಲೆ ಬಿಡಿಸುತ್ತದೆ. ಇಂಥದೇ ಇನ್ನೊಂದು ಜಡೆಯನ್ನು ಕಾಲು ಅಲೆ ಆಚೆ ಸರಿಸಿ ಹಾಕಿದರೆ ಕೊಸೈನ್. ಎರಡರ ಅನುಪಾತ ತೆಗೆದರೆ ಕೋನ.

ಅನುಪಾತ ಅಂದದ್ದು ಸುಮ್ನೆ ಅಲ್ಲ. ರೆಕ್ಕೆಗೂ ಬೋರ್ಡಿಗೂ ನಡುವಿನ ಗ್ಯಾಪ್ ಸ್ವಲ್ಪ ಹೆಚ್ಚಾಯಿತು, ಎರಡೂ ಸಿಗ್ನಲ್ ಒಟ್ಟಿಗೆ ಇಳಿದವು, ಅನುಪಾತ ಹಾಗೇ ಉಳಿಯಿತು. ತಾಮ್ರ ಬಿಸಿಯಾಯಿತು, ಡಿಗ್ರಿಗೆ ಸುಮಾರು 0.4 ಪರ್ಸೆಂಟ್ ರೆಸಿಸ್ಟೆನ್ಸ್ ಏರಿತು, ಅದೂ ಇಬ್ಬರಿಗೂ ಸಮ. ಆದರೆ ಒಬ್ಬನಿಗೆ ಮಾತ್ರ ಆಗುವ ಏಟು ಹೀಗೆ ವಜಾ ಆಗುವುದಿಲ್ಲ, ನೆಟ್ಟಗೆ ಕೋನದೊಳಗೆ ಬಂದು ಕೂರುತ್ತದೆ. ಆದ್ದರಿಂದ ಸೈನ್ ಜಡೆ ಪೂರ್ತಿ ಮೇಲಿನ ಪದರದಲ್ಲಿ, ಕೊಸೈನ್ ಪೂರ್ತಿ ಕೆಳಗೆ ಅಂತ ಹಾಕಬೇಡಿ. ಕೆಳಗಿನದು ರೆಕ್ಕೆಯಿಂದ ದೂರ, ಅದರ ಸಿಗ್ನಲ್ ಸಣ್ಣದಾಗುತ್ತದೆ. ಎರಡೂ ಜಡೆ ಅರ್ಧ ದಾರಿ ಮೇಲೆ, ಅರ್ಧ ದಾರಿ ಕೆಳಗೆ ಓಡಲಿ.

ಅಳತೆಗೆ ಬರೋಣ. ಜಡೆಯ ಒಳ ತ್ರಿಜ್ಯ 10, ಹೊರ ತ್ರಿಜ್ಯ 17 ಮಿ.ಮೀ. ಇಟ್ಟರೆ ನಡುವೆ 16 ಮಿ.ಮೀ. ತೂತು ಆರಾಮಾಗಿ ಸಿಗುತ್ತದೆ, ಕಳಿಸುವ ಕಾಯಿಲ್‌ಗೆ ಅಂಚಿನಲ್ಲಿ ಜಾಗವೂ ಉಳಿಯುತ್ತದೆ. ಒಂದು ಸುತ್ತಿಗೆ 4 ಅಲೆ ಹಾಕಿ. ರೆಕ್ಕೆಯೂ ನಾಲ್ಕು, ಒಂದೊಂದು 45 ಡಿಗ್ರಿ ಅಗಲ, ನಡುವೆ 45 ಡಿಗ್ರಿ ಖಾಲಿ. ಒಂದು ಅಲೆಯ ಉದ್ದ ಸುಮಾರು 21 ಮಿ.ಮೀ. ಬರುತ್ತದೆ, 1 ಮಿ.ಮೀ. ಗ್ಯಾಪಿನಲ್ಲೂ ಸಿಗ್ನಲ್ ಮುಕ್ಕಾಲು ಭಾಗ ಉಳಿಯುತ್ತದೆ. 4ರ ಬದಲು 16 ಅಲೆ ಹಾಕಿದರೆ ನಿಖರತೆ ಹೆಚ್ಚುತ್ತದಲ್ವಾ ಅಂತ ನೀವು ಕೇಳಬಹುದು. ಹೆಚ್ಚುತ್ತದೆ, ಆದರೆ ಅಲೆ ಚಿಕ್ಕದಾದಷ್ಟೂ ಗ್ಯಾಪಿನಲ್ಲಿ ಬೇಗ ಸಾಯುತ್ತದೆ. ಅದೇ 1 ಮಿ.ಮೀ.ಗೆ ಮೂರನೇ ಒಂದು ಭಾಗವೂ ಉಳಿಯುವುದಿಲ್ಲ. ಹಾಗಂತ ರೆಕ್ಕೆಯನ್ನು ಬೋರ್ಡಿಗೆ ಮುತ್ತಿಡುವಷ್ಟು ಹತ್ತಿರ ತಂದರೆ ಒಳ್ಳೆಯದು ಅಂತಲೂ ಅಲ್ಲ. ರೆಕ್ಕೆಯ ಚೂಪು ಅಂಚುಗಳಿಂದ ಹುಟ್ಟುವ ಮೂರು ಪಟ್ಟು ಫ್ರೀಕ್ವೆನ್ಸಿಯ ಕೊಂಕು ಅಲೆಗಳು ದೂರದಲ್ಲಿ ತಾವಾಗಿಯೇ ಸೋಸಿಹೋಗುತ್ತವೆ, ತೀರ ಹತ್ತಿರದಲ್ಲಿ ಅವೂ ಸೈನ್ ಅಲೆಯೊಳಗೆ ನುಗ್ಗುತ್ತವೆ. ಒಂದು ಮಿ.ಮೀ. ಆಸುಪಾಸು ನಿಮಗೆ ಸರಿ.

ಈಗ ನನ್ನ ಒಂದು ದಡ್ಡತನ ಹೇಳಿಬಿಡುತ್ತೇನೆ, ನೀವಾದರೂ ತಪ್ಪಿಸಿಕೊಳ್ಳಿ. ನನ್ನ ಮೊದಲ ಬೋರ್ಡಿನಲ್ಲಿ ಖಾಲಿ ಜಾಗಕ್ಕೆಲ್ಲ ಗ್ರೌಂಡ್ ತಾಮ್ರ ತುಂಬುವ ಬಟನ್ ಒತ್ತಿಬಿಟ್ಟಿದ್ದೆ, ಎಂದಿನ ಅಭ್ಯಾಸ. ಬೋರ್ಡ್ ಬಂತು, ಕಣ್ಣಿಗೆ ಬಲು ಚಂದ, ಸಿಗ್ನಲ್ ಮಾತ್ರ ಇಲ್ಲ. ಎರಡು ದಿನ ಚಿಪ್ಪನ್ನೇ ಬೈದೆ, ಮೂರನೇ ದಿನ ಹೊಸ ಚಿಪ್ ಬೆಸುಗೆ ಹಾಕಿದೆ, ಅದಕ್ಕೂ ಅದೇ ಗತಿ. ಆಮೇಲೆ ಹೊಳೆಯಿತು: ಕಾಯಿಲ್ ಕೆಳಗಿನ ಆ ಗ್ರೌಂಡೇ ಅಲ್ಲಾಡದ ಒಂದು ದೊಡ್ಡ ರೆಕ್ಕೆ! ಕ್ಷೇತ್ರವನ್ನೆಲ್ಲ ಅದೇ ನುಂಗಿ ಕೂತಿತ್ತು. ನಿಮ್ಮ ಕೀಲಿನ ಅಲ್ಯೂಮಿನಿಯಂ ಕೇಸಿಂಗ್ ಕೂಡ ಇದೇ ಕೆಲಸ ಮಾಡುತ್ತದೆ. ಬೋರ್ಡಿನ ಬೆನ್ನಿಗೆ ಕೆಲವು ಮಿ.ಮೀ. ಜಾಗ ಬಿಡಿ, ಇಲ್ಲದಿದ್ದರೆ ನಡುವೆ ಕ್ಷೇತ್ರ ಲೋಹಕ್ಕೆ ತಲುಪದ ಹಾಗೆ ತಡೆಯುವ ಫೆರೈಟ್ ಹಾಳೆ ಅಂಟಿಸಿ. ಕಾಯಿಲ್ ಸುತ್ತ ಪೂರ್ತಿ ಉಂಗುರ ಆಗುವ ಲೋಹದ ರಿಂಗ್ ಮಾತ್ರ ಬೇಡವೇ ಬೇಡ, ಅದು ಶಾರ್ಟ್ ಆದ ಒಂದು ಸುತ್ತಿಗೆ ಸಮ.

ಇನ್ನೊಂದು ಸಣ್ಣ ವಿಷಯ. ಜಡೆಯಿಂದ ಚಿಪ್ಪಿಗೆ ಹೋಗುವ ಎರಡು ತಂತಿಗಳು ಒಂದರ ಮೇಲೊಂದು ಮಲಗಿದ ಹಾಗೆ ಓಡಬೇಕು. ಎರಡು ಮಿ.ಮೀ. ಬಿಚ್ಚಿಕೊಂಡರೂ ಅಲ್ಲೊಂದು ಪುಟ್ಟ ಕುಣಿಕೆ ಆಗಿ, ಕಳಿಸುವ ಕಾಯಿಲ್‌ನ ಸದ್ದನ್ನು ನೇರವಾಗಿ ಹಿಡಿಯುತ್ತದೆ. ಕೇಳುವ ಸಿಗ್ನಲ್ ಇರುವುದೇ ಮಿಲಿವೋಲ್ಟ್ ಲೆಕ್ಕದಲ್ಲಿ, ಇನ್ನು ಅಲ್ಲಿ ಏನು ಗತಿ ಯೋಚಿಸಿ. ಚಿಪ್ಪಿನ ಚಿಂತೆ ಬೇಡ. ರೆನೆಸಾಸ್, ಮೈಕ್ರೋಚಿಪ್, ಆನ್‌ಸೆಮಿ, ಮೆಲೆಕ್ಸಿಸ್ ಎಲ್ಲರೂ ಇದಕ್ಕೆಂದೇ ಮಾಡುತ್ತಾರೆ, ಯಾವುದು ಸುಲಭವಾಗಿ ಸಿಗುತ್ತದೋ ಅದು.

ಪ್ರಶ್ನೆ: ನಮ್ಮ ಮನೆಯ ಇಂಡಕ್ಷನ್ ಒಲೆ ಮೇಲೆ ಅಲ್ಯೂಮಿನಿಯಂ ಪಾತ್ರೆ ಇಟ್ಟರೆ ಕಿಂಯ್ ಅಂದು ಸುಮ್ಮನಾಗುತ್ತದೆ. ನೀವು ನೋಡಿದರೆ ಹೋದ ಸಂಚಿಕೆಯಲ್ಲಿ ಸೆನ್ಸರಿಗೆ ತಾಮ್ರ, ಅಲ್ಯೂಮಿನಿಯಮ್ಮೇ ಒಳ್ಳೆಯದು ಅಂತ ಬರೆದಿದ್ದೀರಿ. ಎರಡೂ ಇಂಡಕ್ಷನ್ನೇ ಅಲ್ವಾ?
— ಗೃಹಿಣಿ, ಮೈಸೂರು

ಉತ್ತರ: ಈ ತಿಂಗಳ ಒಳ್ಳೆಯ ಪ್ರಶ್ನೆ ಇದೇ, ಮೇಡಂ. ಎರಡರಲ್ಲೂ ಆಗುವುದು ಒಂದೇ. ಕಾಯಿಲ್‌ನ ಕ್ಷೇತ್ರ ಅಲುಗಾಡುತ್ತಿರುತ್ತದೆ, ಎದುರಿಗಿರುವ ಲೋಹದಲ್ಲಿ ಹೊಳೆಯ ಸುಳಿಯ ಹಾಗೆ ಕರೆಂಟ್ ಸುತ್ತುತ್ತದೆ. ಆದರೆ ಒಲೆಗೆ ಬೇಕಾದ್ದು ಬಿಸಿ, ಸೆನ್ಸರಿಗೆ ಬೇಕಾದ್ದು ಜಗಳ. ಕಬ್ಬಿಣದ ತವಾದಲ್ಲಿ ಕರೆಂಟ್ ಮೇಲ್ಮೈಯ ತೆಳು ಪದರದಲ್ಲೇ ತಿಣುಕಿ ಓಡಬೇಕು, ತಿಣುಕಿದಷ್ಟೂ ಬಿಸಿ. ಅಲ್ಯೂಮಿನಿಯಂನಲ್ಲಿ ಅದು ಸಲೀಸಾಗಿ ಓಡುತ್ತದೆ, ಬಿಸಿ ಹುಟ್ಟುವುದಿಲ್ಲ, ಒಲೆ ಪಾತ್ರೆಯೇ ಇಲ್ಲ ಅಂದುಕೊಂಡು ಕೈಚೆಲ್ಲುತ್ತದೆ. ಹಾಗೆ ಸಲೀಸಾಗಿ ಓಡುವ ಕರೆಂಟೇ ಕಾಯಿಲ್‌ನ ಕ್ಷೇತ್ರಕ್ಕೆ ಎದುರು ನಿಂತು ಅದನ್ನು ಜೋರಾಗಿ ತಳ್ಳುವುದು. ನಮ್ಮ ರೆಕ್ಕೆಗೆ ಬೇಕಾಗಿರುವುದು ಅದೇ ತಳ್ಳಾಟ. ಕಬ್ಬಿಣದ ರೆಕ್ಕೆ ಹಾಕಿದರೆ ಒಂದು ಕಡೆ ತಳ್ಳುತ್ತದೆ, ಇನ್ನೊಂದು ಕಡೆ ತನ್ನ ಅಯಸ್ಕಾಂತ ಗುಣದಿಂದ ಎಳೆಯುತ್ತದೆ, ಕೊನೆಗೆ ಸಿಗ್ನಲ್ ಸೊರಗುತ್ತದೆ.

ಪ್ರಶ್ನೆ: ಪ್ರಾಜೆಕ್ಟಿಗೆ ಇಂಡಕ್ಟಿವ್ ಸೆನ್ಸರ್ ಮಾಡಿದ್ದೇನೆ ಸರ್. ಶಾಫ್ಟ್ ಅಡ್ಡ ಬರುತ್ತಿತ್ತು ಅಂತ ಪೂರ್ತಿ ಉಂಗುರದ ಬದಲು ಅರ್ಧಚಂದ್ರದ ಬೋರ್ಡ್ ಹಾಕಿದೆ. ಸುತ್ತಿಗೆ 4 ಅಲೆಯ ಲೆಕ್ಕ. ಚಿಪ್ 14 ಬಿಟ್‌ದು. ಆದರೂ ಅಲ್ಲಲ್ಲಿ ಅರ್ಧ ಡಿಗ್ರಿ ತಪ್ಪು ತೋರಿಸುತ್ತದೆ. ಗೈಡ್ 16 ಬಿಟ್ ಚಿಪ್ ತಗೋ ಅನ್ನುತ್ತಿದ್ದಾರೆ. ತಗೊಳ್ಳಲಾ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಬೇಡಮ್ಮ, ದುಡ್ಡು ಉಳಿಸಿಕೊಳ್ಳಿ. 14 ಬಿಟ್ ಅಂದರೆ 16,384 ಭಾಗ. ಇಡೀ ಸುತ್ತಿಗೆ ಹಂಚಿದರೂ ಒಂದು ಭಾಗ 0.022 ಡಿಗ್ರಿ. ನಿಮ್ಮ ತಪ್ಪು ಅದರ ಇಪ್ಪತ್ತು ಪಟ್ಟು ಮೇಲಿದೆ. ಸ್ಕೇಲಿನ ಮೇಲೆ ಗೆರೆ ಜಾಸ್ತಿ ಹಾಕಿಸಿದರೆ ಡೊಂಕು ಸ್ಕೇಲು ನೆಟ್ಟಗಾಗುತ್ತಾ?

ಮೊದಲು ತಪ್ಪಿನ ಮುಖ ನೋಡಬೇಕು. ನಿಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ ಮಿಲ್ಲಿಂಗ್ ಮಷೀನಿನ ಪಕ್ಕ ಧೂಳು ಹಿಡಿದು ಕೂತಿರುವ ಡಿವೈಡಿಂಗ್ ಹೆಡ್, ಅಂದರೆ ಲೆಕ್ಕ ಹಾಕಿದ ಕೋನಕ್ಕೆ ಸರಿಯಾಗಿ ತಿರುಗಿಸುವ ಸಾಧನ, ಇರಬೇಕು, ಒರೆಸಿ ಎತ್ತಿಕೊಳ್ಳಿ. ಸಾಮಾನ್ಯವಾಗಿ ಅದರ ಹಿಡಿ 40 ಸುತ್ತು ತಿರುಗಿದರೆ ಮುಂದಿನ ಸ್ಪಿಂಡಲ್ 1 ಸುತ್ತು, ಅಂದರೆ ಹಿಡಿಯ ಒಂದು ಸುತ್ತಿಗೆ 9 ಡಿಗ್ರಿ. ನಮಗೆ 5 ಡಿಗ್ರಿ ಹೆಜ್ಜೆ ಬೇಕು. 18 ತೂತಿನ ವೃತ್ತದಲ್ಲಿ ಪಿನ್ ಇಟ್ಟು, ಪ್ರತಿ ಸಲ 10 ತೂತು ಮುಂದೆ ಹೋಗಿ. ಒಂದೇ ದಿಕ್ಕಿನಲ್ಲಿ ತಿರುಗಿಸಿ, ತೂತು ದಾಟಿಹೋದರೆ ಅಷ್ಟೇ ಹಿಂದಕ್ಕೆ ತರಬೇಡಿ. ಹಲ್ಲುಗಳ ನಡುವಿನ ಸಡಿಲ ಲೆಕ್ಕ ಕೆಡಿಸುತ್ತದೆ, ಇನ್ನೂ ಹಿಂದೆ ಹೋಗಿ ಮತ್ತೆ ಮುಂದೆ ಬನ್ನಿ. ಹೀಗೆ 72 ಓದು ತೆಗೆದು, ಸೆನ್ಸರ್ ಹೇಳಿದ್ದರಲ್ಲಿ ನಿಜವಾದ ಕೋನ ಕಳೆದು, ಉಳಿದದ್ದನ್ನು ಗ್ರಾಫ್ ಹಾಕಿ.

ಈಗ ಗ್ರಾಫಿನಲ್ಲಿ ಉಬ್ಬು ಎಣಿಸಿ. ಸುತ್ತಿಗೆ ಒಂದೇ ದೊಡ್ಡ ಉಬ್ಬು ಇದ್ದರೆ ರೆಕ್ಕೆ ಸೆಂಟರಿನಲ್ಲಿಲ್ಲ ಅಥವಾ ಓರೆಯಾಗಿ ಕೂತಿದೆ. ನಾಲ್ಕು ಉಬ್ಬಿದ್ದರೆ ಸೈನ್ ಅಥವಾ ಕೊಸೈನ್ ಅಲೆ ಸೊನ್ನೆಯಿಂದ ಮೇಲಕ್ಕೋ ಕೆಳಕ್ಕೋ ಸರಿದಿದೆ, ಅಂದರೆ ಅದಕ್ಕೆ ಆಫ್‌ಸೆಟ್ ಸೇರಿದೆ. ಎಂಟಿದ್ದರೆ ಎರಡರ ಎತ್ತರ ಸಮ ಇಲ್ಲ, ಇಲ್ಲವೇ ಎರಡು ಜಡೆಗಳ ನಡುವೆ ಸರಿಯಾಗಿ ಕಾಲು ಅಲೆ ಅಂತರ ಇಲ್ಲ. ಹದಿನಾರಿದ್ದರೆ ಅಲೆಯ ಆಕಾರವೇ ಕೊಂಕು, ರೆಕ್ಕೆ ತೀರ ಹತ್ತಿರ ಇರಬಹುದು.

ನನ್ನ ಅನುಮಾನ ಒಂದು ಉಬ್ಬಿನ ಮೇಲೆ. ನಿಮ್ಮದು ಅರ್ಧಚಂದ್ರದ ಬೋರ್ಡ್. 15 ಮಿ.ಮೀ. ತ್ರಿಜ್ಯದಲ್ಲಿ ರೆಕ್ಕೆ 0.1 ಮಿ.ಮೀ. ಪಕ್ಕಕ್ಕೆ ಸರಿದಿದ್ದರೆ ಸಾಕು, 0.38 ಡಿಗ್ರಿ ತಪ್ಪು ಬರುತ್ತದೆ. 0.1 ಮಿ.ಮೀ. ಅಂದರೆ ಒಂದು ಸಾದಾ ಕಾಗದದ ದಪ್ಪ! ಪೂರ್ತಿ ಉಂಗುರ ಆಗಿದ್ದರೆ ಒಂದು ಪಕ್ಕ ಮುಂದೆ ಹೋದದ್ದನ್ನು ಎದುರು ಪಕ್ಕ ಹಿಂದೆ ಎಳೆದು ಬಹುಪಾಲು ಸರಿ ಮಾಡುತ್ತಿತ್ತು. ಅರ್ಧ ಉಂಗುರಕ್ಕೆ ಎದುರು ಪಕ್ಕವೇ ಇಲ್ಲ. ಜಾಗ ಹೊಂದಿಸಲು ಆಗುವುದಾದರೆ ಪೂರ್ತಿ ಉಂಗುರಕ್ಕೆ ಹೋಗಿ. ಆಗದಿದ್ದರೆ ರೆಕ್ಕೆಗೆ ಶಾಫ್ಟಿನ ಮೇಲೆ ಕೂರುವ ಕಾಲರ್ ಲೇತಿನಲ್ಲಿ ಮಾಡಿಸಿ, ಡಯಲ್ ಗೇಜ್ ಹಿಡಿದು ಸೆಂಟರ್ ಮಾಡಿ. ಸ್ಕ್ರೂ ತೂತಿನ ಸಡಿಲವನ್ನು ನಂಬಿದರೆ ಇದೇ ಗತಿ.

ನಾಲ್ಕು ಉಬ್ಬಿನ ತಪ್ಪು ಸಾಫ್ಟ್‌ವೇರಿನಲ್ಲಿ ಹೋಗುತ್ತದೆ. ನಿಧಾನ ಒಂದು ಸುತ್ತು ತಿರುಗಿಸಿ, ಸೈನ್‌ನ ಗರಿಷ್ಠ, ಕನಿಷ್ಠ ಬರೆದುಕೊಳ್ಳಿ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಆಫ್‌ಸೆಟ್, ಕಳೆದು ಅರ್ಧ ಮಾಡಿದರೆ ಎತ್ತರ. ಕೊಸೈನಿಗೂ ಹಾಗೇ. ಆಫ್‌ಸೆಟ್ ಕಳೆದು, ಎತ್ತರದಿಂದ ಭಾಗಿಸಿ, ಆಮೇಲೆ ಕೋನ ತೆಗೆಯಿರಿ. ಎತ್ತರ ಸಮ ಇಲ್ಲದ್ದರಿಂದ ಬಂದ ಎಂಟು ಉಬ್ಬೂ ಇದರಲ್ಲೇ ಹೋಗುತ್ತವೆ. 1 ಪರ್ಸೆಂಟ್ ಆಫ್‌ಸೆಟ್ ಉಳಿದರೆ ನಿಮ್ಮ ಶಾಫ್ಟಿನ ಲೆಕ್ಕದಲ್ಲಿ 0.14 ಡಿಗ್ರಿ ತಪ್ಪು, 1 ಪರ್ಸೆಂಟ್ ಎತ್ತರದ ವ್ಯತ್ಯಾಸ ಉಳಿದರೆ ಅದರ ಅರ್ಧ. ಗೈಡ್‌ಗೆ ಗ್ರಾಫ್ ತೋರಿಸಿ, ಜಗಳ ಆಡಬೇಡಿ. ಮಾರ್ಕ್ಸ್ ಅವರ ಕೈಲಿದೆ.

ಪ್ರಶ್ನೆ: ಇದೆಲ್ಲ ಹೊಸದಾ? ನಾನು ಕೆಲಸ ಮಾಡುವಾಗ ಸಿ.ಎನ್.ಸಿ. ಮೋಟಾರಿನ ಬೆನ್ನಿಗೆ ಕೋನ ಅಳೆಯೋಕೆ ರಿಸಾಲ್ವರ್ ಇರುತ್ತಿತ್ತು. ಅದೂ ಸೈನ್ ಕೊಸೈನೇ ಕೊಡುತ್ತಿತ್ತಪ್ಪ.
— ನಿವೃತ್ತ ಮೆಂಟೆನೆನ್ಸ್ ಫೋರ್‌ಮನ್, ತುಮಕೂರು

ಉತ್ತರ: ನೀವು ಹೇಳಿದ್ದು ಸರಿ ಯಜಮಾನರೇ, ಇದು ಅದರದೇ ಮೊಮ್ಮಗ. ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವ, ಅಷ್ಟೇ. ರಿಸಾಲ್ವರಿನಲ್ಲಿ ಕಬ್ಬಿಣದ ತಿರುಳು, ಅದರ ಮೇಲೆ ಸುತ್ತಿದ ತಾಮ್ರ, ಹಲವು ಸಲ 10 ಕಿಲೋಹರ್ಟ್ಸ್ ಆಸುಪಾಸಿನ ಸಿಗ್ನಲ್. ಇಲ್ಲಿ ತಿರುಳು ತೆಗೆದರು. ತಿರುಳಿಲ್ಲದೆ, ನಾಲ್ಕೈದೇ ಸುತ್ತು ಟ್ರ್ಯಾಕಿನಲ್ಲಿ ವೋಲ್ಟೇಜ್ ಹುಟ್ಟಬೇಕಾದರೆ ಫ್ರೀಕ್ವೆನ್ಸಿ ಏರಿಸಲೇಬೇಕು, ಅದಕ್ಕೇ ಮೆಗಾಹರ್ಟ್ಸ್. ತೂಕ, ದಪ್ಪ, ಖರ್ಚು ಇಳಿಯಿತು. ಆದರೆ ಬಿಸಿಗೆ, ನಡುಕಕ್ಕೆ ಜಗ್ಗದೆ ನಿಲ್ಲುವುದರಲ್ಲಿ ನಿಮ್ಮ ರಿಸಾಲ್ವರ್ ಇವತ್ತಿಗೂ ಗಟ್ಟಿ ಕುಳ. ಅದರ ಹತ್ತಿರ ಕೆಡುವ ಎಲೆಕ್ಟ್ರಾನಿಕ್ಸೇ ಇರುವುದಿಲ್ಲವಲ್ಲ.

ಪ್ರಶ್ನೆ: ಎಲೆಕ್ಟ್ರಿಕ್ ಸ್ಕೂಟರ್ ರಿಪೇರಿ ಕಲಿಯುತ್ತಿದ್ದೇನೆ. ಮೋಟಾರ್ ತಿರುಗಿಸೋಕೆ ಕೋನ ಯಾಕೆ ಬೇಕು? ಅಲ್ಲಿ ಈ ಸೆನ್ಸರ್ ನಡೆಯುತ್ತದಾ?
— ಮೆಕ್ಯಾನಿಕ್, ಶಿವಮೊಗ್ಗ

ಉತ್ತರ: ರೋಟರಿನ ಮ್ಯಾಗ್ನೆಟ್ ಈಗ ಎಲ್ಲಿದೆ ಅಂತ ಗೊತ್ತಿದ್ದರೆ ತಾನೇ ಯಾವ ವೈಂಡಿಂಗಿಗೆ ಎಷ್ಟು ಕರೆಂಟ್ ಬಿಡಬೇಕು ಅಂತ ಕಂಟ್ರೋಲರಿಗೆ ತಿಳಿಯೋದು? ಕೋನ ತಪ್ಪಿದರೆ ಕರೆಂಟ್ ದಂಡ, ಮೋಟಾರ್ ಬಿಸಿ. ಈ ಸೆನ್ಸರ್ ಇಲ್ಲಿ ಚೆನ್ನಾಗಿ ನಡೆಯುತ್ತದೆ. ಮೋಟಾರಿನಲ್ಲಿ 4 ಜೋಡಿ ಧ್ರುವ ಇದ್ದರೆ ಸೆನ್ಸರಿಗೂ 4 ಅಲೆ ಹಾಕುತ್ತಾರೆ, ಎರಡೂ ಹೆಜ್ಜೆ ಸೇರಿಸಿ ನಡೆಯುತ್ತವೆ. ನೋಡಿಕೊಳ್ಳಬೇಕಾದ್ದು ತಡ. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಸೆನ್ಸರ್ 10 ಮೈಕ್ರೋಸೆಕೆಂಡ್ ತಡವಾಗಿ ಹೇಳಿದರೆ ಅಷ್ಟರಲ್ಲಿ ಶಾಫ್ಟ್ 0.18 ಡಿಗ್ರಿ ಮುಂದೆ ಹೋಗಿರುತ್ತದೆ. ಮೋಟಾರಿನ ವಿದ್ಯುತ್ ಕೋನದಲ್ಲಿ ಅದರ ನಾಲ್ಕು ಪಟ್ಟು. ತಡ ಎಷ್ಟು ಅಂತ ಗೊತ್ತಿದ್ದರೆ ಕಂಟ್ರೋಲರ್ ಅಷ್ಟನ್ನು ಮೊದಲೇ ಸೇರಿಸಿಕೊಳ್ಳುತ್ತದೆ.

ಪ್ರಶ್ನೆ: 4 ಅಲೆ ಹಾಕಿದರೆ ಒಂದು ಸುತ್ತಿನಲ್ಲಿ ಅದೇ ಓದು ನಾಲ್ಕು ಸಲ ಬರುತ್ತದೆ. ಕರೆಂಟ್ ಹೋಗಿ ಬಂದರೆ ಶಾಫ್ಟ್ ಯಾವ ಕಾಲುಭಾಗದಲ್ಲಿದೆ ಅಂತ ಹೇಗೆ ಗೊತ್ತಾಗುತ್ತದೆ?
— ಐ.ಟಿ.ಐ. ಬೋಧಕರು, ದಾವಣಗೆರೆ

ಉತ್ತರ: ಒಂದೇ ಜಡೆಯಿಂದ ಗೊತ್ತಾಗುವುದಿಲ್ಲ. ಎರಡು ಉಂಗುರ ಹಾಕಬೇಕು. ಹೊರಗೆ 9 ಅಲೆ, ಒಳಗೆ 8 ಅಂದುಕೊಳ್ಳಿ. ನೀವು ಮಕ್ಕಳಿಗೆ ಕಲಿಸುವ ವರ್ನಿಯರ್ ಕ್ಯಾಲಿಪರ್ ಉಪಾಯವೇ ಇದು. ಎರಡರ ಓದಿನ ವ್ಯತ್ಯಾಸ ಪೂರ್ತಿ ಸುತ್ತಿಗೆ ಒಂದೇ ಸಲ ಸೊನ್ನೆಯಿಂದ 360ರ ತನಕ ಹೋಗುತ್ತದೆ. ಆ ವ್ಯತ್ಯಾಸ ಒರಟು ಕೋನ, 9 ಅಲೆಯಲ್ಲಿ ನಾವೀಗ ಎಷ್ಟನೆಯದರಲ್ಲಿದ್ದೇವೆ ಅಂತ ಹೇಳುವುದಷ್ಟೇ ಅದರ ಕೆಲಸ. ಒಂದು ಅಲೆ ಅಂದರೆ 40 ಡಿಗ್ರಿ, ಒರಟು ಕೋನದ ತಪ್ಪು 20 ಡಿಗ್ರಿ ಒಳಗಿದ್ದರೂ ಎಣಿಕೆ ತಪ್ಪುವುದಿಲ್ಲ. ಆಸೆಬಿದ್ದು 32 ಮತ್ತು 31 ಅಲೆ ಹಾಕಿದರೆ ಆ 20 ಡಿಗ್ರಿ ಐದೂವರೆಗೆ ಇಳಿಯುತ್ತದೆ. ಅದರ ಮೇಲೆ ಒಳಗಿನ ಉಂಗುರದ ಸಿಗ್ನಲ್ ಹೊರಗಿನದಕ್ಕೆ ಸೋರುವುದು ಬೇರೆ. ಎರಡು ಉಂಗುರಗಳ ನಡುವೆ ಸ್ವಲ್ಪ ಜಾಗ ಬಿಡದೆ ಗತಿಯಿಲ್ಲ. 40 ಮಿ.ಮೀ. ಬೋರ್ಡಿನಲ್ಲಿ ಆ ಜಾಗ ಹುಡುಕೋದೇ ನಿಜವಾದ ತಲೆನೋವು.

ಪ್ರಶ್ನೆ: ರೆಕ್ಕೆಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಕತ್ತರಿಸಿ ಅಂಟಿಸಿದರೆ ನಡೆಯುತ್ತದಾ?
— ಎಂಟನೇ ಕ್ಲಾಸ್, ಕಾರ್ಕಳ

ಉತ್ತರ: ನಡೆಯುತ್ತದೆ ಪುಟ್ಟಾ! ಮೊದಲ ಸಲ ಸಿಗ್ನಲ್ ಬರುತ್ತದಾ ಅಂತ ನೋಡಲು ನಾನೂ ಅದನ್ನೇ ಮಾಡುತ್ತೇನೆ. ದಪ್ಪ ರಟ್ಟಿನ ಮೇಲೆ ತೆಳ್ಳಗೆ ಗಮ್ ಸವರಿ, ಫಾಯಿಲ್ ಹಾಸಿ, ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಉಜ್ಜು. ಸುಕ್ಕು ಉಳಿದರೆ ಅಲ್ಲಿ ಗ್ಯಾಪ್ ಬದಲಾಗುತ್ತದೆ, ಒಂದು ರೆಕ್ಕೆ ಒಂದು ಥರ, ಇನ್ನೊಂದು ಇನ್ನೊಂದು ಥರ ಓದಿಸುತ್ತದೆ. ಗಮ್ ಒಣಗುವ ತನಕ ಮೇಲೆ ಒಂದು ದಪ್ಪ ಡಿಕ್ಷನರಿ ಇಟ್ಟಿರು.